ಸೊಪ್ಪಿನ ಬೆಟ್ಟದ ಪೊದೆಗಳೂ ಬೂದುತಲೆಯ ಪಿಕಳಾರವೂ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ನದಿಯು ಹೊಸನಗರ ತಾಲ್ಲೂಕನ್ನು ಹಾಯ್ದು, ಸಾಗರ ತಾಲ್ಲೂಕಿನ ಜೋಗದಲ್ಲಿ ಕಣಿವೆಗೆ ಧುಮುಕುತ್ತದೆ. ಈ ಮೂರು ತಾಲ್ಲೂಕುಗಳ ಬೇಸಾಯಕ್ರಮವೂ ಬಹುಮಟ್ಟಿಗೆ ಒಂದೇ ಬಗೆಯದು. ಕಣಿವೆಯ ತಗ್ಗಿನಲ್ಲಿ ಅಡಕೆಯ ತೋಟ, ಅದರ ಮಗ್ಗುಲಲ್ಲಿ ಬತ್ತದ ಗದ್ದೆ, ಮೇಲಿನ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ತೋಟದ ಫಲವು ಬೆಟ್ಟದ ಸೊಪ್ಪನ್ನು ಆಶ್ರಯಿಸಿದೆಯೆಂಬುದನ್ನು ಈ ಸೀಮೆಯ ರೈತರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಆದರೆ ಬೆಟ್ಟವೆಂದರೆ ಮರಗಳು ಮಾತ್ರವೇ ಎಂದೆಣಿಸಿ, ಮರದ ಕೆಳಗಿನ ಪೊದೆಗಳನ್ನು ಕಸವೆಂದು ಭಾವಿಸಿ ಸವರಿ ಹಾಕುವ ವಾಡಿಕೆಯು ಅನೇಕ ಗ್ರಾಮಗಳಲ್ಲಿ ನೆಲೆಯೂರಿದೆ. ಈ ವಾಡಿಕೆಯಿಂದ ಒಂದು ಹಾಡುಹಕ್ಕಿಗೆ ಒದಗುತ್ತಿರುವ ಸಂಕಟವನ್ನೂ, ಅದೇ ಕಾರಣದಿಂದ ಬೆಟ್ಟದ ಅನುಭೋಗದಾರರಿಗೆ ಉಂಟಾಗುತ್ತಿರುವ ನಷ್ಟವನ್ನೂ, ಎರಡಕ್ಕೂ ಇರುವ ಪರಿಹಾರವನ್ನೂ ಇಲ್ಲಿ ವಿವರಿಸಲಾಗಿದೆ.

ಪಕ್ಷಿಯ ಪರಿಚಯ

ಪಿಕಳಾರವನ್ನು ಅರಿಯದ ಮಲೆನಾಡಿಗರು ಇಲ್ಲ. ತಲೆಯ ಮೇಲೆ ಕರಿಯ ಜುಟ್ಟನ್ನೂ, ಕೆನ್ನೆಯ ಮೇಲೆ ಕೆಂಪು ಗುರುತನ್ನೂ ಹೊತ್ತ ಕೆಮ್ಮೀಸೆಯ ಪಿಕಳಾರವು ಮನೆಯ ಹಿತ್ತಲಿಗೂ ಬೇಲಿಗೂ ಬಂದು ಹೋಗುವ ಹಕ್ಕಿ. ಮನುಷ್ಯರ ಬಳಕೆಯಿಂದ ಅದಕ್ಕೆ ತೊಂದರೆಯಿಲ್ಲ. ಇಲ್ಲಿ ಹೇಳಹೊರಟಿರುವ ಬೂದುತಲೆಯ ಪಿಕಳಾರವು ಅದರ ದಾಯಾದಿಯೇ ಆದರೂ ಸ್ವಭಾವದಲ್ಲಿ ಬೇರೆ. ಇದಕ್ಕೆ ಜುಟ್ಟಿಲ್ಲ. ಮೈಬಣ್ಣ ಹಳದಿ ಬೆರೆತ ಮಾಸಲು ಹಸಿರು. ತಲೆ ಬೂದಿಯ ಬಣ್ಣ. ಹಣೆಯ ಮೇಲೆ ಹಳದಿ ಹಸುರಿನ ಛಾಯೆ. ಕಣ್ಣು ತಿಳಿಯಾಗಿ ಬೆಳ್ಳಗೆ ಹೊಳೆಯುವಂಥದು. ಉದ್ದ ಸುಮಾರು 19 ಸೆಂಟಿಮೀಟರು. ಪೊದೆಯೊಳಗಿನಿಂದ ಒಂದೊಂದೇ ಸಲ ಕೇಳಿಬರುವ ಒರಟಾದ, ಚುರುಕಾದ ಕೂಗಿನಿಂದಲೇ ಇದರ ಇರವು ತಿಳಿಯುವುದು ಹೆಚ್ಚು. ಕಣ್ಣಿಗೆ ಬೀಳುವುದು ಕಡಮೆ.

ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ಎಂಬ ಪಂಡಿತನು 1839ರಲ್ಲಿ ಈ ಪಕ್ಷಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಬ್ರಾಕಿಪೋಡಿಯಸ್ ಪ್ರಯೋಸೆಫಾಲಸ್ ಎಂಬುದು ಇದರ ಶಾಸ್ತ್ರೀಯ ನಾಮಗಳಲ್ಲೊಂದು. ಮುಖ್ಯವಾದ ಸಂಗತಿಯೇನೆಂದರೆ, ಗೋವೆಯ ಸೀಮೆಯಿಂದ ಕೇರಳದ ದಕ್ಷಿಣ ತುದಿಯವರೆಗಿನ ಪಶ್ಚಿಮ ಘಟ್ಟಗಳ ಹೊರತು ಪ್ರಪಂಚದ ಬೇರೆ ಯಾವ ದೇಶದಲ್ಲಿಯೂ ಈ ಪಕ್ಷಿಯಿಲ್ಲ. ಘಟ್ಟದ ಕಾನುಗಳೂ ಬೆಟ್ಟಗಳೂ ಇದನ್ನು ಕೈಬಿಟ್ಟರೆ ಇದಕ್ಕೆ ಹೋಗಲು ಬೇರೆ ಎಡೆಯಿಲ್ಲ. ಇದರ ಸಂಖ್ಯೆಯು ಇಳಿಮುಖವಾಗಿದೆಯೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದವರು ತಮ್ಮ ಕೆಂಪು ಪಟ್ಟಿಯಲ್ಲಿ ಎಚ್ಚರಿಸಿದ್ದಾರೆ. ಕಾಡು ತುಂಡುತುಂಡಾಗುವುದೂ, ಒಳಗಿನ ಕೆಳಹಸುರು ನಾಶವಾಗುವುದೂ ಈ ಇಳಿಮುಖಕ್ಕೆ ಕಾರಣಗಳು.

ಪೊದೆಯೇ ಇದರ ಮನೆ

ಬೂದುತಲೆಯ ಪಿಕಳಾರವು ಎತ್ತರವಾದ ಮರದ ತುದಿಯಲ್ಲಿ ವಾಸಿಸುವ ಹಕ್ಕಿಯಲ್ಲ. ಕಾನಿನ ಒಳಗಿನ ದಟ್ಟವಾದ ಗಿಡಗಳು, ಕಾನಿನ ಅಂಚಿನ ಕುರುಚಲು, ಹಳ್ಳದ ಎರಡು ದಡಗಳಲ್ಲಿ ಹಬ್ಬಿದ ವಾಟೆ ಮತ್ತು ಬಿದಿರಿನ ಮೆಳೆ, ಇವೇ ಇದರ ನೆಲೆಗಳು. ಸಣ್ಣ ಸಣ್ಣ ಕಾಡುಹಣ್ಣುಗಳೂ ಹುಳುಹುಪ್ಪಟೆಗಳೂ ಇದರ ಆಹಾರ. ಗೂಡನ್ನು ಕಟ್ಟುವುದು ಆಳೆತ್ತರಕ್ಕಿಂತಲೂ ಕೆಳಗೆ, ಅನೇಕ ವೇಳೆ ನೆಲದಿಂದ ಒಂದು ಮೀಟರಿನಷ್ಟೇ ಮೇಲೆ. ಕೇರಳದ ಮೌನ ಕಣಿವೆಯಲ್ಲಿ ನಡೆದ ಅಧ್ಯಯನಗಳಿಂದ ಇದರ ಸಂತಾನಕ್ರಮವು ಚೆನ್ನಾಗಿ ತಿಳಿದುಬಂದಿದೆ. ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಇದು ಮರಿಮಾಡುವುದು. ಒಂದು ಸಲಕ್ಕೆ ಒಂದು ಅಥವಾ ಎರಡು ಮೊಟ್ಟೆಗಳನ್ನು ಮಾತ್ರ ಇಡುವುದು. ಕಾವು ಕೊಡುವುದಕ್ಕೆ ಸುಮಾರು ಎರಡು ವಾರ, ಮರಿಗಳು ಗೂಡು ಬಿಡುವುದಕ್ಕೆ ಮತ್ತೆ ಎರಡು ವಾರದಷ್ಟು ಕಾಲ ಹಿಡಿಯುವುದು.

ಈ ಸಂಗತಿಗಳನ್ನು ರೈತರು ತಮ್ಮ ವರ್ಷದ ಕೆಲಸಗಳ ಪಕ್ಕದಲ್ಲಿಟ್ಟು ನೋಡಬೇಕು. ಪುಷ್ಯ ಮಾಸದಿಂದ ವೈಶಾಖದವರೆಗೆ ಬೆಟ್ಟದಲ್ಲಿ ದರಗು ಗುಡಿಸುವುದು, ಕುರುಚಲು ಸವರುವುದು, ಸೌದೆ ಕಡಿಯುವುದು ನಡೆಯುತ್ತದೆ. ನೆಲದ ಬೆಂಕಿ ಹಬ್ಬುವುದೂ ಆ ಕಾಲದಲ್ಲಿಯೇ. ಹೀಗೆ ಹಕ್ಕಿಯು ಗೂಡು ಕಟ್ಟುವ ಎತ್ತರದಲ್ಲಿ, ಗೂಡು ಕಟ್ಟುವ ತಿಂಗಳುಗಳಲ್ಲಿ ಕತ್ತಿಯೂ ಬೆಂಕಿಯೂ ಓಡಾಡುತ್ತವೆ. ಒಂದೆರಡು ಮೊಟ್ಟೆಗಳನ್ನು ಮಾತ್ರವೇ ಇಡುವ ಹಕ್ಕಿಗೆ ಒಂದು ಗೂಡು ಹಾಳಾದರೂ ಅದು ಸಣ್ಣ ನಷ್ಟವಲ್ಲ. ಯಾರೂ ಕವಣೆ ಬೀಸದೆ, ಬಲೆ ಒಡ್ಡದೆ ಇದ್ದಾಗಲೂ ಒಂದು ಹಕ್ಕಿಯು ಒಂದು ಗ್ರಾಮದಿಂದ ಕಾಣೆಯಾಗಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ದೂರದೇಶದ ಒಂದು ದೃಷ್ಟಾಂತ

ಪೊದೆಯನ್ನು ಕಸವೆಂದು ಎಣಿಸುವುದು ನಮ್ಮ ಸೀಮೆಯೊಂದರ ವಾಡಿಕೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ವಾಯವ್ಯ ಕರಾವಳಿಯಲ್ಲಿ ಮಳೆ ಅತ್ಯಲ್ಪ. ಅಲ್ಲಿನ ಮರಳುನೆಲದಲ್ಲಿ, ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ಜಾತಿಗೆ ಸೇರಿದ ಮರಗಳೂ ಕುರುಚಲು ಗಿಡಗಳೂ ಬೆಳೆಯುತ್ತವೆ. ಆ ಕುರುಚಲಿನಲ್ಲಿ ಮಾತ್ರ ವಾಸಿಸುವ ಒಂದು ಹಕ್ಕಿಯಿದೆ. ಗರಗಸದಂತೆ ಹಲ್ಲುಹಲ್ಲಾದ ಕೊಕ್ಕಿನಿಂದ ಎಲೆಗಳನ್ನೂ ಚಿಗುರುಗಳನ್ನೂ ಕತ್ತರಿಸಿ ತಿನ್ನುವುದರಿಂದ ಅದಕ್ಕೆ ಸೊಪ್ಪು ಕೊಯ್ಯುವ ಹಕ್ಕಿಯೆಂಬ ಅರ್ಥದ ಹೆಸರು ಬಂದಿದೆ. ಪೆರುವಿನ ನಿಸರ್ಗಶಾಸ್ತ್ರಜ್ಞನಾದ ಅಂತೋನಿಯೊ ರೈಮೊಂದಿಯ ನೆನಪಿಗಾಗಿ ಅದರ ಶಾಸ್ತ್ರೀಯ ನಾಮವನ್ನು ಫೈಟೊಟೋಮಾ ರೈಮೊಂಡೀ ಎಂದಿಟ್ಟರು. ಆ ಕರಾವಳಿಯ ನದೀಬಯಲುಗಳು ಕಬ್ಬಿನ ಹೊಲಗಳಾದುವು. ಮಿಕ್ಕ ಕುರುಚಲಿನ ಬಹುಭಾಗವು ಸೌದೆಗೂ ಇದ್ದಿಲಿಗೂ ಹೋಯಿತು. ಉಳಿದುದನ್ನು ಆಡುಗಳು ಮೇಯ್ದುವು. ಈಗ ಆ ಹಕ್ಕಿಯು ಒಂದಕ್ಕೊಂದು ಸೇರದ ಕೆಲವು ತುಂಡುನೆಲಗಳಲ್ಲಿ ಮಾತ್ರ ಉಳಿದಿದೆ. 2001ರಲ್ಲಿ ಅಲ್ಲಿನ ಸರ್ಕಾರದವರು ಪೊಮಾಕ್ ಎಂಬ ಒಣಕಾಡನ್ನು ರಕ್ಷಿತ ಪ್ರದೇಶವೆಂದು ಸಾರಿದರು. ಅದು ಈ ಹಕ್ಕಿಯ ಉಳಿದ ನೆಲೆಗಳಲ್ಲೊಂದು.

ಒಂದು ನಾಡಿನ ಕುರುಚಲು ಮರಳಿನ ಮೇಲಿನದು, ಮತ್ತೊಂದರದು ಜಡಿಮಳೆಯ ಕೆಳಗಿನದು; ಆದರೂ ಎರಡೂ ಹಕ್ಕಿಗಳ ಕಷ್ಟದ ಮೂಲ ಒಂದೇ. ಮರಕ್ಕೆ ಬೆಲೆಯುಂಟು, ಬೆಳೆಗೆ ಬೆಲೆಯುಂಟು, ನಡುವಣ ಪೊದೆಗೆ ಬೆಲೆಯಿಲ್ಲವೆಂಬ ಎಣಿಕೆಯೇ ಆ ಮೂಲ.

ಮಲೆನಾಡಿನಲ್ಲಿ ಪೊದೆ ಕುಗ್ಗಿದ ಬಗೆ

ಈ ಮೂರು ತಾಲ್ಲೂಕುಗಳಲ್ಲಿ ಕಳೆದ ಮುಕ್ಕಾಲು ಶತಮಾನದಲ್ಲಿ ಆದ ಮಾರ್ಪಾಡುಗಳು ದೊಡ್ಡವು. 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ ಸುಮಾರು 300 ಚದರ ಕಿಲೋಮೀಟರು ವಿಸ್ತಾರದ ಕಣಿವೆಯು ನೀರಿನಲ್ಲಿ ಮುಳುಗಿತು. ಮುಳುಗಿದುದು ಗದ್ದೆ ತೋಟಗಳು ಮಾತ್ರವಲ್ಲ. ಹಳ್ಳದ ಬದಿಯ ವಾಟೆಯ ಮೆಳೆಗಳೂ ಕಾನಿನ ತಗ್ಗುಗಳೂ ಮುಳುಗಿದುವು. ಮನೆಮಠಗಳನ್ನು ಕಳೆದುಕೊಂಡವರು ಮೇಲಿನ ನೆಲಗಳಿಗೆ ಸರಿದುದರಿಂದ ಅಲ್ಲಿಯ ಕಾಡಿನ ಮೇಲೆಯೂ ಹೊರೆ ಹೆಚ್ಚಿತು. ಅನಂತರದ ದಶಕಗಳಲ್ಲಿ ಬೋಳುಗುಡ್ಡಗಳಲ್ಲಿಯೂ ಬೇಣಗಳಲ್ಲಿಯೂ ಅಕೇಶಿಯದ ನೆಡುತೋಪುಗಳು ಹಬ್ಬಿದುವು. ಆ ತೋಪಿನ ನೆಲದಲ್ಲಿ ಬಿದ್ದ ಎಲೆಯು ಬೇಗ ಕೊಳೆಯದೆ ದಪ್ಪನಾಗಿ ಹಾಸಿಕೊಳ್ಳುವುದರಿಂದ ನಾಡಗಿಡಗಳ ಮೊಳಕೆ ಏಳುವುದು ವಿರಳ.

ಇವುಗಳಿಗೆ ಗ್ರಾಮದ ರೈತನು ಹೊಣೆಯಲ್ಲ. ಆದರೆ ಆತನ ಕೈಯಲ್ಲಿರುವ ಬೆಟ್ಟದಲ್ಲಿ ನಡೆಯುತ್ತಿರುವ ಮಾರ್ಪಾಡುಗಳೂ ಕೆಲವು ಇವೆ. ಒಂದೇ ಮರವನ್ನು ವರ್ಷವರ್ಷವೂ ತುದಿಯವರೆಗೆ ಸವರುವುದರಿಂದ ಮರ ಬಡವಾಗುತ್ತದೆ. ನೆರಳು ಕುಗ್ಗಿ ಬಿಸಿಲು ನೆಲಕ್ಕೆ ತಾಗುತ್ತದೆ. ಕೇಪಲ, ನೆಕ್ಕರಕ, ಕವಳಿ ಮೊದಲಾದ ನಾಡಗಿಡಗಳನ್ನು ಕಡಿದು ತೆರವಾದ ಜಾಗಕ್ಕೆ ಲಂಟಾನವೂ ಯುಪಟೋರಿಯವೂ ನುಗ್ಗುತ್ತವೆ. ಈ ಎರಡು ಕಳೆಗಳೂ ಅಮೆರಿಕ ಖಂಡದಿಂದ ಬಂದುವು. ಹೀಗೆ ಕಸವೆಂದು ಸವರಿದ ಪೊದೆಯ ಸ್ಥಳದಲ್ಲಿ ನಿಜವಾದ ಕಸವೇ ಬೆಳೆದು ನಿಲ್ಲುವುದು. ಇನ್ನು ಕೆಲವರು ಯಂತ್ರಗಳನ್ನು ತಂದು ಬೆಟ್ಟವನ್ನೇ ಮಟ್ಟಮಾಡಿ ಅಡಕೆ ಸಸಿಗಳನ್ನು ನೆಡುತ್ತಿದ್ದಾರೆ. ಹಾಗೆ ಮಾಡಿದ ಹೊಸ ತೋಟಕ್ಕೆ ಸೊಪ್ಪು ಬರಬೇಕಾದ ಬೆಟ್ಟವು ಎಲ್ಲಿದೆಯೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ಬೆಟ್ಟದ ಸೌಲಭ್ಯವು ಕಾನೂನಿನಲ್ಲಿ ಯಾವ ಬಗೆಯದೆಂಬುದನ್ನೂ ಇಲ್ಲಿ ಜ್ಞಾಪಿಸುವುದು ಯುಕ್ತ. 1964ರ ಭೂಕಂದಾಯದ ಅಧಿನಿಯಮದ 79ನೆಯ ಪ್ರಕರಣದಲ್ಲಿ, ಹಳೆಯ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನ ಬೆಟ್ಟಗಳ ವಿಷಯದಲ್ಲಿ ರೈತರು ಅನುಭವಿಸುತ್ತಿದ್ದ ಸೌಲಭ್ಯಗಳನ್ನು ಮುಂದುವರಿಸಿದೆ. ಇದು ಸೊಪ್ಪು ಸದೆಯ ಅನುಭೋಗಕ್ಕಾಗಿ ಇರುವ ಸೌಲಭ್ಯವೇ ಹೊರತು ಬೆಟ್ಟವನ್ನು ಬೆಟ್ಟವಲ್ಲದಂತೆ ಮಾಡಲು ಕೊಟ್ಟ ಅಪ್ಪಣೆಯಲ್ಲ.

ತೋಟಕ್ಕೆ ಆಗುವ ನಷ್ಟ

ಆಗುಂಬೆ, ಹುಲಿಕಲ್ಲುಗಳಂಥ ಸ್ಥಳಗಳು ರಾಜ್ಯದಲ್ಲೇ ಅತ್ಯಂತ ಹೆಚ್ಚಾಗಿ ಮಳೆ ಬೀಳುವ ಎಡೆಗಳು. ಅಂಥ ಮಳೆಯು ಮರದ ಎಲೆಯಿಂದ ನೇರವಾಗಿ ಬರಿಯ ನೆಲಕ್ಕೆ ಬಿದ್ದರೆ ಮಣ್ಣನ್ನು ಕಿತ್ತುಕೊಂಡು ಇಳಿಯುವುದು. ನಡುವೆ ಪೊದೆಯಿದ್ದರೆ ಹನಿಯ ರಭಸ ಮುರಿಯುವುದು. ಪೊದೆಯ ಬುಡದಲ್ಲಿ ದರಗು ತಂಗುವುದು. ದರಗಿನ ಕೆಳಗೆ ನೀರು ಇಂಗುವುದು. ಬೆಟ್ಟದಲ್ಲಿ ಇಂಗಿದ ನೀರೇ ಬೇಸಗೆಯಲ್ಲಿ ಹಳ್ಳದ ಒರತೆಯಾಗಿ ತೋಟದ ಕಾಲುವೆಗೆ ಬರುವುದು. ಬೆಟ್ಟವನ್ನು ಗುಡಿಸಿ ನುಣ್ಣಗೆ ಮಾಡಿದ ಕಡೆ, ಮಳೆಗಾಲದಲ್ಲಿ ತೋಟದ ಕಪ್ಪುಗಳಲ್ಲಿ ಕೆಮ್ಮಣ್ಣು ತುಂಬುವುದೂ, ಬೇಸಗೆಯಲ್ಲಿ ಹಳ್ಳವು ಬೇಗ ಬತ್ತುವುದೂ ಒಂದೇ ಕಾರಣದ ಎರಡು ಫಲಗಳು.

ಇದರ ಜತೆಗೆ ಪಿಕಳಾರಗಳ ಕೆಲಸವೊಂದುಂಟು. ಅವು ಹಣ್ಣನ್ನು ನುಂಗಿ ಬೀಜವನ್ನು ದೂರ ಹಾಕುವುವು. ಕಾಡಿನ ಎಷ್ಟೋ ಗಿಡಮರಗಳು ಈ ರೀತಿಯಲ್ಲಿಯೇ ಹರಡುವುವು. ಯಾರೂ ನೆಡದ ಕಡೆ ಮೆಣಸಿನ ಬಳ್ಳಿಯು ಮರದ ಬುಡದಲ್ಲಿ ಹುಟ್ಟಿರುವುದನ್ನು ರೈತರು ಕಂಡೇ ಇದ್ದಾರೆ. ಅದನ್ನು ಬಿತ್ತಿದುದು ಹಣ್ಣು ತಿನ್ನುವ ಹಕ್ಕಿಯೇ. ಮರಿಗಳಿಗೆ ಉಣಿಸಲು ಹಿಡಿಯುವ ಹುಳುಗಳ ಲೆಕ್ಕ ಬೇರೆ. ಬೆಟ್ಟದಲ್ಲಿ ಮುದಿಮರಗಳು ಬಿದ್ದಮೇಲೆ ಮರಿಗಿಡಗಳು ಏಳಬೇಕಾದರೆ ಬೀಜ ತರುವವರು ಬೇಕು, ಆ ಬೀಜ ಮೊಳೆಯಲು ನೆರಳೂ ಬೇಕು. ಪೊದೆಯು ಹೋದರೆ ಎರಡೂ ಒಟ್ಟಿಗೆ ಹೋಗುವುವು.

ಸೊಪ್ಪಿನ ಲೆಕ್ಕ

ಪೊದೆಯನ್ನು ಉಳಿಸಿದರೆ ತೋಟಕ್ಕೆ ಸೊಪ್ಪು ಸಾಲದೆಂಬುದು ಸಹಜವಾಗಿ ಏಳುವ ಆಕ್ಷೇಪಣೆ. ಇದನ್ನು ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು. ಕೇಂದ್ರ ನೆಡುತೋಪು ಬೆಳೆಗಳ ಸಂಶೋಧನಾ ಸಂಸ್ಥೆಯವರ ಶಿಫಾರಸಿನ ಪ್ರಕಾರ ಅಡಕೆಯ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಕಾಂಪೋಸ್ಟು, ಇವುಗಳ ಜತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟಾಷ್ ಬೇಕು. ಎರಡು ಮುಕ್ಕಾಲು ಮೀಟರಿನಷ್ಟು ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳಾಗುವುವು. ಆದುದರಿಂದ ಎಕರೆ ತೋಟಕ್ಕೆ ವರ್ಷಕ್ಕೆ ಆರೂವರೆ ಟನ್ನಿನಷ್ಟು ಹಸಿ ಸೊಪ್ಪು ಬೇಕಾಯಿತು. ಕಾಂಪೋಸ್ಟಿಗೆ ಬೇಕಾಗುವ ದರಗೂ ಕರಡವೂ ಬೇರೆ. ಇಷ್ಟನ್ನೂ ಬೆಟ್ಟವೊಂದರಿಂದಲೇ ಪ್ರತಿ ವರ್ಷ ತೆಗೆದರೆ ಬೆಟ್ಟವು ತಾಳುವುದಿಲ್ಲ.

ಆದರೆ ತೋಟದಲ್ಲಿಯೇ ಉತ್ಪನ್ನವಾಗುವ ಗೊಬ್ಬರದ ಸಾಮಗ್ರಿಯನ್ನು ಅನೇಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉದುರುವ ಸೋಗೆ, ಹಾಳೆ, ಸಿಪ್ಪೆ ಮೊದಲಾದುವು ಸೇರಿ ಎಕರೆಗೆ ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕಿ ದೊರೆಯುವುವು. ಇವನ್ನು ಸಣ್ಣಗೆ ಕತ್ತರಿಸಿ, ಸಗಣಿಯ ನೀರು ತಳಿದು, ಎರೆಹುಳುಗಳ ಸಹಾಯದಿಂದ ಕೊಳೆಸಿದರೆ ಉತ್ತಮವಾದ ಗೊಬ್ಬರವಾಗುವುದು. ತೋಟದ ಬೇಲಿಯಲ್ಲಿಯೂ ಗದ್ದೆಯ ಏರಿಯಲ್ಲಿಯೂ ಗ್ಲಿರಿಸಿಡಿಯದ ತುಂಡುಗಳನ್ನು ಮುಂಗಾರಿನ ಮೊದಲಲ್ಲಿ ನೆಟ್ಟರೆ, ಅವು ಬಲಿತ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿಯಬಹುದು. ಬೆಟ್ಟದಿಂದ ಹೊರೆ ಹೊತ್ತು ತರುವ ಕೂಲಿಯೂ ಇದರಿಂದ ಉಳಿಯುವುದು. ಕೂಲಿಯಾಳುಗಳು ದುರ್ಲಭವಾಗಿರುವ ಈ ಕಾಲದಲ್ಲಿ ಇದು ಸಾಮಾನ್ಯ ಲಾಭವಲ್ಲ.

ಉಣುಗಿನ ಭಯ

ಮತ್ತೊಂದು ಆಕ್ಷೇಪಣೆಯು ಇನ್ನೂ ಗುರುತರವಾದುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯು ಈ ಸೀಮೆಗೆ ಬಿಡದ ಪೀಡೆಯಾಗಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಈ ರೋಗದಿಂದ ಹಲವರು ಪ್ರಾಣ ಕಳೆದುಕೊಂಡರು. ರೋಗವನ್ನು ಹರಡುವ ಉಣುಗುಗಳು ಕಾಡಿನ ದರಗಿನಲ್ಲಿಯೂ ಕೆಳಗಿಡಗಳಲ್ಲಿಯೂ ಇರುವುವಾದ್ದರಿಂದ, ಪೊದೆಯನ್ನು ಸವರುವುದೇ ಮೇಲೆಂದು ಕೆಲವರು ಹೇಳುವುದುಂಟು. ಮನುಷ್ಯರ ಜೀವಕ್ಕಿಂತ ಹಕ್ಕಿಯ ಜೀವ ದೊಡ್ಡದೆಂದು ಯಾರೂ ವಾದಿಸಲಾರರು. ಆದರೆ ಕಾಡನ್ನು ಕಡಿದುದರಿಂದ ಈ ರೋಗ ಅಡಗಲಿಲ್ಲ. ಕಾಡನ್ನು ಒಡೆದು, ಅದರ ಅಂಚುಗಳನ್ನು ಹೆಚ್ಚಿಸಿ, ಆ ಅಂಚಿನ ಲಂಟಾನದ ನಡುವೆ ದನಗಳನ್ನು ಮೇಯಲು ಬಿಟ್ಟ ಕಡೆ ಉಣುಗುಗಳಿಗೆ ಅನುಕೂಲವೇ ಆಯಿತೆಂದು, ಈ ರೋಗವನ್ನು ಇಲ್ಲಿಯೇ ನಿಂತು ಪರಿಶೋಧಿಸಿದ ಕೊಲಂಬಿಯ ದೇಶದ ವೈದ್ಯ ಹೋರ್ಹೆ ಬೋಷೆಲ್ 1960ರ ದಶಕದಲ್ಲಿಯೇ ತೋರಿಸಿಕೊಟ್ಟರು. ಆದಕಾರಣ ಮನೆಯ ಸುತ್ತಲೂ, ಜನ ನಡೆಯುವ ಕಾಲುದಾರಿಯ ಎರಡು ಬದಿಗಳಲ್ಲಿಯೂ ಸವರಿ ಶುಚಿಯಾಗಿಡುವುದು ಯುಕ್ತ. ಇಡೀ ಬೆಟ್ಟವನ್ನು ಬೋಳಿಸುವುದರಿಂದ ರಕ್ಷಣೆ ದೊರೆಯದು. ಬೆಟ್ಟಕ್ಕೆ ಹೋಗುವವರು ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಲೇಪಿಸಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗತಕ್ಕದ್ದು. ಮಂಗ ಸತ್ತುದು ಕಂಡರೆ ಮುಟ್ಟದೆ, ಕೂಡಲೆ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಆ ಎಡೆಯಿಂದ ದರಗನ್ನು ತರಕೂಡದು.

ಮಾಡತಕ್ಕ ಕೆಲಸಗಳು

1. ಬೆಟ್ಟವನ್ನು ಮೂರು ಅಥವಾ ನಾಲ್ಕು ಪಾಲುಗಳಾಗಿ ಗುರುತಿಸಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು ಕಡಿಯಬೇಕು. ಮರದ ತುದಿಯ ಭಾಗವನ್ನು ಸವರದೆ ಬಿಡಬೇಕು.

2. ಹಳ್ಳದ ಎರಡು ದಡಗಳಲ್ಲಿಯೂ ಹತ್ತು ಹದಿನೈದು ಮಾರಿನಷ್ಟು ಅಗಲಕ್ಕೆ ವಾಟೆ, ಬೆತ್ತ, ಬಿದಿರು ಮತ್ತು ಪೊದೆಗಳನ್ನು ಮುಟ್ಟದೆ ಕಾಪಾಡಬೇಕು. ಬೂದುತಲೆಯ ಪಿಕಳಾರಕ್ಕೆ ಇದು ಮುಖ್ಯವಾದ ನೆಲೆ. ತೋಟದ ನೀರಿಗೆ ಇದೇ ಕಾವಲು.

3. ಕುರುಚಲು ಸವರುವ ಕೆಲಸ ಅಗತ್ಯವಾದ ಕಡೆ, ಅದನ್ನು ಮಳೆ ನಿಂತ ಕೂಡಲೆ ಮುಗಿಸಿ, ಸಂಕ್ರಾಂತಿಯ ಅನಂತರ ಮುಂಗಾರು ಹಿಡಿಯುವವರೆಗೆ ಪೊದೆಗಳಿಗೆ ಕತ್ತಿ ಹಾಕಬಾರದು.

4. ದರಗನ್ನು ಪೂರ್ತಿಯಾಗಿ ಗುಡಿಸದೆ, ಪೊದೆಗಳ ಬುಡದಲ್ಲಿ ಇರುವುದನ್ನು ಅಲ್ಲಿಯೇ ಬಿಡಬೇಕು.

5. ಬೇಸಗೆಗೆ ಮುಂಚೆಯೇ ಬೆಟ್ಟದ ಅಂಚಿನಲ್ಲಿ ಬೆಂಕಿಯ ಗೆರೆಯನ್ನು ತೆಗೆದು, ನೆಲದ ಬೆಂಕಿ ಒಳನುಗ್ಗದಂತೆ ನೋಡಿಕೊಳ್ಳಬೇಕು.

6. ಲಂಟಾನ, ಯುಪಟೋರಿಯಗಳನ್ನು ಒಮ್ಮೆಗೇ ಬೋಳಿಸದೆ, ಪಟ್ಟೆ ಪಟ್ಟೆಯಾಗಿ ಬೇರುಸಹಿತ ಕಿತ್ತು, ಆ ಸ್ಥಳದಲ್ಲಿ ಕೇಪಲ, ಕವಳಿ, ಮುರುಗಲು, ನೇರಳೆ ಮೊದಲಾದ ನಾಡಗಿಡಗಳನ್ನು ಎಬ್ಬಿಸಬೇಕು. ನಾಡಗಿಡಗಳು ಏಳುವವರೆಗೆ ಹಕ್ಕಿಗಳಿಗೆ ಆ ಕಳೆಯೇ ಮರೆಯಾಗಿರುವುದರಿಂದ ಅವಸರ ಕೂಡದು.

7. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ಕಾಡುಹಕ್ಕಿಗಳನ್ನು ಹಿಡಿಯುವುದೂ ಪಂಜರದಲ್ಲಿ ಸಾಕುವುದೂ ಅಪರಾಧವೆಂಬುದನ್ನು ಗ್ರಾಮದ ಹುಡುಗರಿಗೂ ತಿಳಿಸಿಕೊಡಬೇಕು.

ಗ್ರಾಮ ಮುಖಂಡರ ಹೊಣೆ

ಒಬ್ಬ ರೈತನ ಬೆಟ್ಟವು ಚಿಕ್ಕದು. ಹಕ್ಕಿಯು ಒಬ್ಬನ ಗಡಿಯನ್ನು ಅರಿತು ಹಾರುವಂಥದಲ್ಲ. ಒಂದು ಹಳ್ಳದ ಉದ್ದಕ್ಕೂ ಹತ್ತು ಮಂದಿಯ ಬೆಟ್ಟಗಳಿದ್ದು, ಅವರಲ್ಲಿ ಒಂಬತ್ತು ಮಂದಿ ಪೊದೆಯನ್ನು ಉಳಿಸಿ ನಡುವಿನ ಒಬ್ಬನು ಬೋಳಿಸಿದರೆ ಆ ಸಾಲು ಅಲ್ಲಿಗೆ ಕಡಿದುಹೋಗುವುದು. ಮಣ್ಣೂ ಅಲ್ಲಿಂದಲೇ ಇಳಿಯತೊಡಗುವುದು. ಆದಕಾರಣ ಈ ಕೆಲಸವನ್ನು ಗ್ರಾಮದವರು ಕೂಡಿ ಆಲೋಚಿಸಬೇಕು. 2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಪಂಚಾಯಿತಿಗಳಲ್ಲಿ ರಚನೆಯಾಗತಕ್ಕ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ತಮ್ಮ ಎಲ್ಲೆಯ ಗಿಡಮರ ಪಕ್ಷಿಗಳ ದಾಖಲೆಯನ್ನು ಬರೆದಿಡುವ ಕರ್ತವ್ಯವುಂಟು. ಯಾವ ಹಳ್ಳದಲ್ಲಿ ಬೂದುತಲೆಯ ಪಿಕಳಾರದ ಕೂಗು ಈಗಲೂ ಕೇಳುವುದು, ಯಾವ ಹಳ್ಳದಲ್ಲಿ ನಿಂತುಹೋಯಿತು ಎಂಬುದನ್ನು ಊರಿನ ಹಿರಿಯರೂ ದನಗಾಹಿಗಳೂ ಸೊಪ್ಪಿಗೆ ಹೋಗುವ ಹೆಂಗಸರೂ ಬಲ್ಲರು. ಅವರನ್ನು ಕೇಳಿ ಆ ದಾಖಲೆಯಲ್ಲಿ ಬರೆಯಿಸುವುದು ಮುಖಂಡರಿಂದ ಆಗತಕ್ಕ ಮೊದಲನೆಯ ಕೆಲಸ. ಕೂಗು ಇನ್ನೂ ಕೇಳಿಬರುವ ಹಳ್ಳಗಳನ್ನು ಮೊದಲು ಗುರುತಿಸಿ, ಅವುಗಳ ದಡದ ಪೊದೆಗಳಿಗೆ ಬರುವ ಸಂಕ್ರಾಂತಿಯಿಂದಲೇ ಕತ್ತಿ ತಾಗದಂತೆ ಊರೊಟ್ಟಿನ ಕಟ್ಟು ಮಾಡಿಕೊಳ್ಳುವುದು ಎರಡನೆಯದು. ಇದಕ್ಕೆ ಹಣದ ಖರ್ಚೇನೂ ಇಲ್ಲ; ಊರಿನ ಒಗ್ಗಟ್ಟೊಂದಿದ್ದರೆ ಸಾಕು.